ಹೆಬ್ಬೆರಳಿನ ಗುಳಿ

ಬಳಸಿದ ಬೇಸ್ ಗಿಟಾರು ಮಾರುವವನಿಗೆ ಮೈ ಉರಿಸುವ ಮಾತು ಒಂದೇ: "ಇದೆಯಾ?"

ಇಲ್ಲದಿದ್ದರೆ ಆನ್‌ಲೈನಿನಲ್ಲಿ ಜಾಹೀರಾತು ಯಾಕೆ ಹಾಕುತ್ತೇನೆ, ನನ್ನ ತಲೆ! ಬೆಳಗ್ಗೆ ಎದ್ದು ಫೋನು ನೋಡಿದರೆ ಹತ್ತು ಜನರ "ಇದೆಯಾ?" ಕಾದಿರುತ್ತದೆ. ಇದೆ ಎಂದರೆ "ಕೊನೆ ರೇಟು ಹೇಳಿ." ಹೇಳಿದರೆ ಆಸಾಮಿ ನಾಪತ್ತೆ. ಶಿಲ್ಲಾಂಗಿನ ಲೈತುಮ್‌ಖ್ರಾ ಇಳಿಜಾರಿನಲ್ಲಿ, ನನ್ನ ಹೆಂಡತಿಯ ಮನೆಯ ಕೆಳಗಿನ ಕೋಣೆಯಲ್ಲಿ ಹದಿನಾಲ್ಕು ವರ್ಷದಿಂದ ಇದೇ ಪಾಡು. ಹಳೆಯ ಬೇಸುಗಳನ್ನು ಫೋನಿನಲ್ಲಿ ಹುಡುಕಿ ಕೊಳ್ಳುತ್ತೇನೆ, ರಿಪೇರಿ ಮಾಡಿ ಫೋನಿನಲ್ಲೇ ಮಾರುತ್ತೇನೆ. ನಾಲ್ಕು ದಪ್ಪ ತಂತಿಯ ಈ ಗಿಟಾರು ಬಿಟ್ಟು ಬೇರೆ ವಾದ್ಯ ಮುಟ್ಟುವುದಿಲ್ಲ. ನಮ್ಮೂರಲ್ಲಿ ಮುಂದೆ ನಿಂತು ಕುಣಿಯುವ ಗಿಟಾರಿನವರಿಗೆ ಬರಗಾಲವಿಲ್ಲ. ಹಿಂದೆ ಕತ್ತಲಲ್ಲಿ ನಿಂತು ಇಡೀ ಹಾಡನ್ನು ಹೊರುವವನು ಬೇಸ್‌ನವನು. ನನಗೆ ಅವನ ಮೇಲೆಯೇ ಪ್ರೀತಿ.

ನನ್ನ ಕೈಕೆಲಸದ ಬಗ್ಗೆ ನನಗೆ ಜಂಬವಿತ್ತು, ಸುಳ್ಳು ಯಾಕೆ ಹೇಳಲಿ. ಗೀರು ಬಿದ್ದದ್ದು, ಸಿಗರೇಟಿನಿಂದ ಸುಟ್ಟದ್ದು, ಚಕ್ಕೆ ಎದ್ದದ್ದು, ಏನೇ ಇರಲಿ, ಬಾಹ್ ಡೋನ್ ಕೈಗೆ ಕೊಟ್ಟರೆ ಮದುವಣಗಿತ್ತಿಯಂತೆ ಬರುತ್ತದೆ ಎಂದು ಊರೆಲ್ಲ ಹೇಳುತ್ತಿತ್ತು. ಬಾಹ್ ಎಂದರೆ ಅಣ್ಣ, ಡೋನ್ ನಾನೇ. ನಾನೂ ಕೇಳಿಸಿಕೊಂಡು ಉಬ್ಬುತ್ತಿದ್ದೆ.

ಈಗ ಹೇಳಹೊರಟ ಬೇಸ್ ನನಗೆ ಸಿಕ್ಕಿದ್ದು ಜೊವಾಯಿಯ ಒಬ್ಬ ಮೇಷ್ಟರಿಂದ. ಅವರೂ ಯಾರಿಂದಲೋ ಕೊಂಡಿದ್ದರಂತೆ. ಕಂದು ಬಣ್ಣದ, ಭಾರದ ಮರ. ತಂತಿಗಳ ಮೇಲ್ಬದಿಯಲ್ಲಿ, ಬಾರಿಸುವವನು ಹೆಬ್ಬೆರಳು ಊರುವ ಕಡೆ, ಮೆರುಗು ಹೋಗಿ ಮರವೇ ಸವೆದು ಒಂದು ಗುಳಿ ಬಿದ್ದಿತ್ತು. ಬೆರಳಿಟ್ಟು ನೋಡಿದ್ದೆ. ಗಾಜಿನ ಹಾಗೆ ನುಣುಪು. ಸ್ವಲ್ಪ ಓರೆಯಾಗಿ ಕೆಳಕ್ಕೆ ಜಾರುತ್ತಿತ್ತು, ತುದಿಯಲ್ಲಿ ಉಗುರು ತಾಗಿ ತಾಗಿ ಸಣ್ಣದೊಂದು ಏಣು ಎದ್ದಿತ್ತು. ಯಾರೋ ಗಟ್ಟಿ ಕುಳ, ಮನಸ್ಸಿಟ್ಟು ಬಾರಿಸಿದ್ದಾನೆ ಅಂದುಕೊಂಡೆ. ಬಂದ ಹಾಗೆಯೇ ಫೋಟೋ ತೆಗೆದು, "ರಿಪೇರಿ ಆದ ಮೇಲೆ ಕೊಡಲಾಗುವುದು" ಎಂದು ಬರೆದು ಹಾಕಿದೆ.

ಅರ್ಧ ಗಂಟೆಯಲ್ಲಿ ಒಂದು ಸಂದೇಶ ಬಂತು. ಫಿದಾಲಿಯಾ ಎಂಬ ಹೆಂಗಸು, ಮಾವ್‌ಲಾಯ್ ಕಡೆಯವಳು. ಇದೆಯಾ ಅಂತ ಕೇಳಲಿಲ್ಲ. ಕೊನೆ ರೇಟು ಕೇಳಲಿಲ್ಲ. "ಇದನ್ನ ಯಾರಿಗೂ ಕೊಡಬೇಡಿ ಬಾಹ್. ಹಿಂದುಗಡೆ ಇರೋ ನಂಬರಿನ ಫೋಟೋ ಕಳಿಸಿ." ಕಳಿಸಿದೆ. "ಶನಿವಾರ ಬರ್ತೀನಿ," ಅಂದಳು. ಹೇಳಿದ ಬೆಲೆ ಪೂರ್ತಿ ಅಂದೇ ಕಳಿಸಿಬಿಟ್ಟಳು.

ಚೌಕಾಸಿ ಮಾಡದ ಗಿರಾಕಿ! ಅಲ್ಲಿಯವರೆಗೆ ಒಬ್ಬರನ್ನೂ ಕಂಡಿರಲಿಲ್ಲ. ಇಂಥವಳಿಗೆ ಒಂದು ಕೈ ಹೆಚ್ಚೇ ಮಾಡಿಕೊಡಬೇಕು ಎಂದು ನನ್ನ ಮನಸ್ಸು ಕುಣಿಯಿತು. ಮೊದಲು ಬರೀ ತಂತಿ ಬದಲಿಸಿ, ಒರೆಸಿ ಕೊಡೋಣ ಅಂತಿದ್ದವನು, ಮೂರು ದಿನ ಕೂತು ಮೈಯೆಲ್ಲ ತಿಕ್ಕಿದೆ. ಮರದ ತೂತು ಮುಚ್ಚುವ ಪುಟ್ಟಿಯನ್ನು ಗುಳಿಗೆ ತುಂಬಿದೆ. ನುಣುಪು ಮರಕ್ಕೆ ಪುಟ್ಟಿ ಕಚ್ಚುವುದಿಲ್ಲ, ಅದಕ್ಕೇ ಮೊದಲು ಉಪ್ಪುಕಾಗದದಿಂದ ಗುಳಿಯೊಳಗೆ ಚೆನ್ನಾಗಿ ಉಜ್ಜಿ ಒರಟು ಮಾಡಿದೆ. ಮೇಲೆ ಬಣ್ಣ, ಅದರ ಮೇಲೆ ಮೂರು ಕೈ ವಾರ್ನಿಷ್. ಗುಳಿ ಎಲ್ಲಿತ್ತು ಎಂದು ನನಗೇ ಗೊತ್ತಾಗದಷ್ಟು ಸೊಗಸಾಗಿ ಬಂತು.

ಶನಿವಾರ ಫಿದಾಲಿಯಾ ಬಂದಳು. ನಲವತ್ತರ ಆಸುಪಾಸು, ಸ್ಕೂಲ್ ಟೀಚರಂತೆ ಕಾಣುತ್ತಿದ್ದಳು. ಪೆಟ್ಟಿಗೆ ತೆರೆದು, "ನೋಡಿ ಕಾಂಗ್, ನಿಮಗೆ ಅಂತ ವಿಶೇಷವಾಗಿ ಮಾಡಿದ್ದು," ಅಂದೆ. ನಮ್ಮಲ್ಲಿ ಕಾಂಗ್ ಎಂದರೆ ಅಕ್ಕ. ಅವಳು ನಗಲಿಲ್ಲ. ಕೈ ಚಾಚಿ, ತಂತಿಗಳ ಮೇಲ್ಬದಿ ತಡವಿದಳು. ಮತ್ತೆ ತಡವಿದಳು.

"ಇಲ್ಲೊಂದು ಗುಳಿ ಇತ್ತಲ್ಲ?"

"ಮುಚ್ಚಿಬಿಟ್ಟೆ ಕಾಂಗ್! ಪತ್ತೆನೇ ಆಗಲ್ಲ ನೋಡಿ."

ಅವಳು ನನ್ನ ಸ್ಟೂಲಿನ ಮೇಲೆ ಕುಸಿದು ಕೂತಳು. ಎರಡು ಕೈಯಿಂದ ಮುಖ ಮುಚ್ಚಿಕೊಂಡಳು. ಚಹ ತರಿಸಿದೆ, ಕುಡಿಯಲಿಲ್ಲ.

"ನನ್ನ ಅಣ್ಣಂದು ಅದು," ಅಂದಳು ಕೊನೆಗೆ. "ಬಾನ್‌ಶಾನ್ ಅಂತ. ಮದುವೆಗೆ ಮುಂಚೆ, ನಮ್ಮನೇಲಿದ್ದಾಗ ಕೊಂಡಿದ್ದು. ಹನ್ನೊಂದು ವರ್ಷ ಬಾರಿಸಿದ. ಆರು ವರ್ಷದ ಹಿಂದೆ ಮೀನು ಹಿಡಿಯೋಕೆ ಅಂತ ಕಿನ್ಶಿ ನದಿಗೆ ಹೋದ. ಹೊಳೆ ಏರಿತ್ತು. ಹೆಣ ಸಿಗಲಿಲ್ಲ, ಬಾಹ್. ಅತ್ತಿಗೆ ಮಗು ಹುಷಾರಿಲ್ಲದಾಗ ಇದನ್ನ ಮಾರಿಕೊಂಡಳು. ಅವಳನ್ನ ಏನಂತ ಅನ್ನಲಿ? ಮೂರು ವರ್ಷದಿಂದ ದಿನಾ ಫೋನಲ್ಲಿ ಹುಡುಕ್ತಿದೀನಿ."

ನಾನು ಚರ್ಚಿಗೆ ಹೋಗುವವನು, ಅವರದು ಹಳೆಯ ಧರ್ಮ. ಆದರೂ ನಾನು ಖಾಸಿಯೇ ತಾನೇ. ಹಳೆಯ ಧರ್ಮದ ಗಂಡಸು ಎಲ್ಲಿ ಸಂಸಾರ ಮಾಡಿದ್ದರೂ, ಸತ್ತ ಮೇಲೆ ಅವನ ಮೂಳೆ ತಾಯಿಯ ಕುಲಕ್ಕೆ ಹಿಂದಿರುಗಿ ಬರಬೇಕು. ಕುಲದ ಕಲ್ಲಿನ ಕೆಳಗೆ ತಾಯಂದಿರ ಮೂಳೆಯ ಜೊತೆ ಕೂಡಬೇಕು. ಬಾನ್‌ಶಾನ್‌ನ ತಾಯಿಯ ಮನೆಗೆ ಬರಲು ಮೂಳೆಯೇ ಇರಲಿಲ್ಲ.

"ಮೇಯ್‌ಗೆ ಹೇಳಿಬಿಟ್ಟಿದೀನಿ, ಸಿಕ್ಕಿತು ಅಂತ," ಎಂದಳು ಫಿದಾಲಿಯಾ. ಮೇಯ್ ಎಂದರೆ ಅವಳ ತಾಯಿ. "ಅವನು ನಮ್ಮನೇಲಿದ್ದಷ್ಟು ದಿನ ಅಮ್ಮ ದಿನಾ ಬೆಳಗ್ಗೆ ಅದನ್ನ ಒರೆಸ್ತಿದ್ದಳು. ಆ ಗುಳಿಗೆ ಹೆಬ್ಬೆರಳು ಇಟ್ಟು, 'ಮರಾನೂ ಕೊರೆದು ಹಾಕ್ದ ಈ ಸೋಮಾರಿ' ಅಂತ ಬೈತಿದ್ದಳು. ಮಗು ಅತ್ತಿಗೆ ಕುಲದ್ದು. ಅವನ ಮೈಯಿಂದ ಆಗಿದ್ದು ಅಂತ ನಮ್ಮ ಕುಲಕ್ಕೆ ಉಳಿದಿದ್ದು ಅದೊಂದೇ. ಅದು ಬೇಕು ಅವಳಿಗೆ."

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಇಲ್ಲಿ ಮಾಡಿದವನು ನಾನು, ಉಣ್ಣುವವಳು ಆ ತಾಯಿ.

"ಒಂದು ವಾರ ಕೊಡಿ ಕಾಂಗ್," ಅಂದೆ. "ಪುಟ್ಟಿ ಮೇಲಿಂದ ತುಂಬಿದ್ದು. ಅಡಿಯಲ್ಲಿ ಗುಳಿ ಹಾಗೇ ಇದೆ. ತೆಗೀತೀನಿ."

"ಒಂದು ಮಾತು ಕೊಡಿ. ಮುಚ್ಚಿದ್ದು, ತೆಗೆದದ್ದು, ಯಾವುದೂ ಅಮ್ಮಂಗೆ ಹೇಳಬೇಡಿ. ಅವಳ ಎದೆ ಒಡೀತದೆ."

ಮಾತು ಕೊಟ್ಟೆ.

ಆ ವಾರ ಬೇರೆ ಕೆಲಸ ಮುಟ್ಟಲಿಲ್ಲ. ಹಲ್ಲಿನ ಡಾಕ್ಟರು ಬಳಸುವ ಸಣ್ಣ ಕೊಕ್ಕೆ ಒಂದು ನನ್ನಲ್ಲಿತ್ತು. ಕಿಟಕಿಯ ಬೆಳಕಿನಲ್ಲಿ ಕೂತು ಸಾಸಿವೆ ಕಾಳಿನಷ್ಟು ಸಾಸಿವೆ ಕಾಳಿನಷ್ಟು ಪುಟ್ಟಿ ಕೆದಕಿ ತೆಗೆದೆ. ಕೊಕ್ಕೆ ಒಂದು ಕೂದಲು ಆಳ ಹೋದರೂ ಅವನ ಮರ ಹೋಗುತ್ತದೆ. ಚಿಕ್ಕವನಿದ್ದಾಗ, ಹಳೆಯ ಧರ್ಮದಲ್ಲೇ ಉಳಿದಿದ್ದ ನಮ್ಮ ಅಜ್ಜನ ಚಿತೆ ಆರಿದ ಮೇಲೆ ಹಿರಿಯರು ಬೂದಿಯಲ್ಲಿ ಮೂಳೆ ಆಯುತ್ತಿದ್ದುದನ್ನು ನೋಡಿದ್ದೆ. ಅವರೂ ಹೀಗೇ ಬಗ್ಗಿ, ಮಾತಿಲ್ಲದೆ ಕೂತಿದ್ದರು. ಹೆಂಡತಿ ಊಟಕ್ಕೆ ಕರೆದು ಕರೆದು, "ಆ ಮರಾನೇ ತಿನ್ನಿ ಹಾಗಾದ್ರೆ," ಎಂದು ಬೈದು ಜಾದೋ ಅನ್ನದ ತಟ್ಟೆಯನ್ನು ಪಕ್ಕದಲ್ಲಿ ಕುಕ್ಕಿ ಹೋದಳು.

ಆರನೇ ದಿನ ಗುಳಿ ಪೂರ್ತಿ ಬಂತು. ಅದೇ ಓರೆ, ಅದೇ ಏಣು. ಆದರೆ ಮುಟ್ಟಿದರೆ ತರಿತರಿ. ಉಪ್ಪುಕಾಗದದ ಗೀರುಗಳು ಅಡಿಯವರೆಗೂ ಇಳಿದಿದ್ದವು. ಅದನ್ನು ಮೆಷಿನ್ನಿನಲ್ಲಿ ನುಣುಪು ಮಾಡಲು ಹೋದರೆ ಆಕಾರ ಕೆಡುತ್ತದೆ. ವಾರ್ನಿಷ್ ಹಾಕಲು ಮನಸ್ಸು ಬರಲಿಲ್ಲ. ಹಾಗೆಯೇ ಎತ್ತಿಕೊಂಡು ಹೊರಟೆ.

ಮಾವ್‌ಲಾಯ್‌ನ ಆ ಮನೆಯಲ್ಲಿ ತಾಯಿ ಒಲೆಯ ಪಕ್ಕದ ಬೆತ್ತದ ಮಣೆಯ ಮೇಲೆ ಕೂತಿದ್ದಳು. ಯೆವ್‌ದೂ ಸಂತೆಯಲ್ಲಿ ನಲವತ್ತು ವರ್ಷ ತರಕಾರಿ ಮಾರಿದವಳು, ಸಣಕಲು ಮೈ, ಚುರುಕು ಕಣ್ಣು. ನನಗೆ ಕ್ವಾಯ್ ಕೊಟ್ಟಳು. ಅಡಿಕೆ ಎಲೆ ಬಾಯಿಗೆ ಹಾಕಿಕೊಂಡೆ. ಫಿದಾಲಿಯಾ ಬೇಸನ್ನು ಅವಳ ತೊಡೆಯ ಮೇಲೆ ಮಲಗಿಸಿದಳು.

ತಾಯಿ ಅದನ್ನು ಮೊದಲು ದಿಟ್ಟಿಸಿದಳು. "ಹೊಳೀತಿದೆ," ಅಂದಳು. ಆಮೇಲೆ ಬಲಗೈ ಹೆಬ್ಬೆರಳನ್ನು ಸೆರಗಿಗೆ ಒರೆಸಿ, ಗುಳಿಯಲ್ಲಿಟ್ಟಳು.

ಒಮ್ಮೆ ಆಡಿಸಿದಳು. ಕೈ ತೆಗೆದಳು.

"ಇದಲ್ಲ."

"ಅಮ್ಮಾ, ನಂಬರು ಅದೇ ಇದೆ, ಹಳೇ ರಶೀದಿ ಜೊತೆ ಇಟ್ಟು ನೋಡಿದೀನಿ..."

"ನಂಬರು ನಂಗ್ಯಾಕೆ? ಅವನದು ಬೆಣ್ಣೆ ಹಂಗಿತ್ತು. ಇದು ಯಾರೋ ಮೊನ್ನೆ ಕೆತ್ತಿದ್ದು." ಮಗಳ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ಅದೇ ನನಗೆ ತಡೆಯಲಾಗಲಿಲ್ಲ. "ಹುಡುಕಿ ಹುಡುಕಿ ಸಾಕಾಗಿ, ಮುದುಕಿಗೆ ಸಮಾಧಾನ ಆಗಲಿ ಅಂತ ಯಾವುದೋ ಒಂದಕ್ಕೆ ಗುಳಿ ಹೊಡೆಸಿ ತಂದಿದೀಯ. ಪಾಪ, ನಿಂದೇನು ತಪ್ಪಿಲ್ಲ ಬಿಡು. ತಗೊಂಡು ಹೋಗಿ. ಅವನು ಬರಲ್ಲ ಅಂದ್ರೆ ಬರಲ್ಲ."

ಫಿದಾಲಿಯಾ ನನ್ನ ಕಡೆ ನೋಡಿದಳು. ಬೇಡ ಎಂದು ಕಣ್ಣಲ್ಲೇ ಹೇಳಿದಳು. ಆದರೆ ಬಾಯಿ ಮುಚ್ಚಿಕೊಂಡು ಹೇಗಿರಲಿ? ಮಗನೇ ಮನೆ ಬಾಗಿಲಿಗೆ ಬಂದು ನಿಂತಿದ್ದಾನೆ, ನಾನು ಬಾಯಿ ಬಿಡದಿದ್ದರೆ ತಾಯಿ ಬಾಗಿಲು ಹಾಕಿಕೊಳ್ಳುತ್ತಾಳೆ.

"ಮೇಯ್, ಇದು ಅದೇ," ಅಂದೆ. "ನುಣುಪು ತೆಗೆದವನು ನಾನು. ಗೊತ್ತಿಲ್ಲದೆ ಉಪ್ಪುಕಾಗದದಿಂದ ಉಜ್ಜಿ, ಪುಟ್ಟಿ ತುಂಬಿ ಮುಚ್ಚಿಬಿಟ್ಟೆ. ಮತ್ತೆ ಕೆದಕಿ ತೆಗೆದೆ. ಆಕಾರ ಅವನದು, ಒರಟು ನಂದು. ನಿಮ್ಮ ಮಗಳದ್ದೇನೂ ಇಲ್ಲ. ಬೈಯೋದಾದ್ರೆ ನನ್ನ ಬೈಯಿರಿ."

ಒಲೆಯಲ್ಲಿ ಕಟ್ಟಿಗೆ ಚಟಪಟ ಅಂದಿತು. ತಾಯಿ ಅದನ್ನು ಒಳಕ್ಕೆ ತಳ್ಳಿ ನನ್ನ ಕಡೆ ತಿರುಗಿದಳು.

"ಉಜ್ಜೋಕೆ ಮುಂಚೆ ಮುಟ್ಟಿ ನೋಡಿದ್ಯಾ?"

"ನೋಡಿದ್ದೆ, ಮೇಯ್."

"ಹೆಂಗಿತ್ತು, ಹೇಳು."

"ಬೆರಳಿಟ್ಟರೆ ತಾನಾಗೇ ಓರೆಯಾಗಿ ಕೆಳಕ್ಕೆ ಜಾರ್ತಿತ್ತು. ತುದೀಲಿ ಉಗುರು ತಾಗಿ ಸಣ್ಣ ಏಣು. ಅಲ್ಲಿಗೆ ಬಂದು ಬೆರಳು ನಿಂತ್ಕೊಳ್ತಿತ್ತು."

ಅವಳ ಮುಖ ಬದಲಾಯಿತು. "ಹೌದು," ಅಂದಳು. "ಉಗುರು ಕತ್ತರಿಸ್ಕೋ ಅಂತ ಎಷ್ಟು ಬಡ್ಕೊಂಡೆ, ಕೇಳಲಿಲ್ಲ ಅವನು." ಮತ್ತೆ ಹೆಬ್ಬೆರಳನ್ನು ಗುಳಿಗೆ ಇಟ್ಟಳು. ನಿಧಾನವಾಗಿ ಕೆಳಕ್ಕೆ ಜಾರಿಸಿದಳು. ಏಣು ಸಿಕ್ಕಿತು. ಬೆರಳು ಅಲ್ಲಿಯೇ ನಿಂತಿತು. ಆಗ ಅಳು ಬಂತು ಅವಳಿಗೆ, ಆರು ವರ್ಷದ್ದು. ಫಿದಾಲಿಯಾ ಅವಳನ್ನು ತಬ್ಬಿಕೊಂಡಳು. ನಾನು ಗೋಡೆ ನೋಡುತ್ತ ಕೂತೆ, ನನ್ನ ಕಣ್ಣೂ ಸುಮ್ಮನಿರಲಿಲ್ಲ.

ಅಳು ನಿಂತ ಮೇಲೆ, "ತಾ ಇಲ್ಲಿ ಕೈ," ಅಂದಳು ನನಗೆ. ಕೊಟ್ಟೆ. ನನ್ನ ಹೆಬ್ಬೆರಳನ್ನು ಹಿಡಿದು, ತಿರುಗಿಸಿ ನೋಡಿದಳು. "ಅವನ ನುಣುಪನ್ನ ಕೊನೇಲಿ ಮುಟ್ಟಿದ್ದು ಈ ಬೆರಳು." ಆ ಬೆರಳನ್ನು ತಾನೇ ಎತ್ತಿ ಗುಳಿಯಲ್ಲಿಟ್ಟಳು. "ತೆಗೆದವನು ನೀನು. ನೀನೇ ಹಾಕ್ಕೊಡು. ಅವನು ಹನ್ನೊಂದು ವರ್ಷ ತಗೊಂಡ. ನನ್ನತ್ರ ಹನ್ನೊಂದು ವರ್ಷ ಇಲ್ಲ. ನಿನ್ನತ್ರ ಇದೆಯಾ?"

ಆ ಮಾತಿಗೆ ನನ್ನ ಜೀವಮಾನದಲ್ಲಿ ಮೊದಲ ಸಲ ಸಿಟ್ಟು ಬರಲಿಲ್ಲ.

"ಇದೆ, ಮೇಯ್," ಅಂದೆ.

ಅಂದಿನಿಂದ ಪ್ರತಿ ಭಾನುವಾರ ಚರ್ಚು ಮುಗಿಸಿ ಮಾವ್‌ಲಾಯ್‌ಗೆ ಹೋಗುತ್ತೇನೆ. ವಾರವೆಲ್ಲ ತಾಯಿ ಹೆಬ್ಬೆರಳಿನಿಂದ ಗುಳಿಯನ್ನು ತಿಕ್ಕುತ್ತಿದ್ದಳು, ನಾನು ಹೋದರೆ, "ಬಂದ್ಯಾ ಕಳ್ಳಾ, ಕೂತ್ಕೋ," ಎಂದು ಬೇಸನ್ನು ನನ್ನ ತೊಡೆಗೆ ದಾಟಿಸುತ್ತಿದ್ದಳು. ಎರಡನೇ ಚಳಿಗಾಲದಲ್ಲಿ ತೀರಿಕೊಂಡಳು. ಅವಳ ಮೂಳೆ ಕುಲದ ಕಲ್ಲಿನ ಕೆಳಗೆ ಸೇರಿತು. ಬೇಸ್ ಒಲೆಯ ಪಕ್ಕದ ಗೋಡೆಗೆ ಒರಗಿಯೇ ಇದೆ. ಫಿದಾಲಿಯಾ ಈಗಲೂ ಕೆಂಪು ಚಹ ತಂದಿಟ್ಟು ಬೇಸನ್ನು ಕೊಡುತ್ತಾಳೆ, ನಾನು ತಿಕ್ಕುತ್ತೇನೆ.

ನಾಲ್ಕು ವರ್ಷವಾಯಿತು. ಗುಳಿಯ ನಡುವೆ, ಒಂದು ಉಗುರಿನಗಲ, ಬೆಣ್ಣೆಯ ಹಾಗಾಗಿದೆ. ಇನ್ನು ಏಳು ವರ್ಷ ಇದೆ.