ಅಕಿನ್ನ ಕೇಳ್ರಿ

ಆ ದಿನ ದಾಕ್ಷಾಯಿಣಿ ಬೆಳಗ್ಗೆಯೇ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿಬಿಟ್ಟಳು. ಯಮಕನಮರಡಿಯಲ್ಲಿ ಜಂಪರ್, ಅಂದರೆ ರವಿಕೆ, ಹೊಲಿಯುವುದರಲ್ಲಿ ಅವಳಿಗೆ ಒಳ್ಳೆಯ ಹೆಸರಿತ್ತು. ಮದುವೆಯ ದಿನಗಳು ಹತ್ತಿರ ಬಂದು ಮೂಲೆಯಲ್ಲಿ ಬಟ್ಟೆಯ ಗಂಟುಗಳು ಒಂದರ ಮೇಲೊಂದು ಬಿದ್ದಿದ್ದವು. ಆದರೂ ಹೊರಡಲೇಬೇಕಿತ್ತು. ಮಗಳು ಸುಜಾತಾಳ ಹೆಡ್‌ಫೋನ್ ಮುರಿದು ನಾಲ್ಕು ದಿನವಾಗಿತ್ತು. ಪರೀಕ್ಷೆಗೆ ಇನ್ನು ಹದಿನೈದೇ ದಿನ.

ಸುಜಾತಾಳಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣುತ್ತಿರಲಿಲ್ಲ. ಹುಕ್ಕೇರಿಯ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದಳು. ಗೆಳತಿ ಸಪ್ನಾ ಪಾಠಗಳನ್ನು ಓದಿ ಫೋನಿನಲ್ಲಿ ಧ್ವನಿ ತುಂಬಿ ಕೊಡುತ್ತಿದ್ದಳು, ಇವಳು ಅದನ್ನು ಕೇಳಿ ಕೇಳಿ ಮನದಟ್ಟು ಮಾಡಿಕೊಳ್ಳುತ್ತಿದ್ದಳು. ಮುರಿದ ಹೆಡ್‌ಫೋನನ್ನು ತಾಯಿಯೇ ಆರಿಸಿ ತಂದಿದ್ದಳು, ಕೆಂಪು ಬಣ್ಣದ್ದು, ನೋಡಲು ಚೆಂದ. ಅದನ್ನು ಹಾಕಿಕೊಂಡ ಅರ್ಧ ಗಂಟೆಗೆ ಕಿವಿಯ ಸುತ್ತ ನೋವು ಬರುತ್ತಿತ್ತೆಂದು ಮಗಳು ಹೇಳಿದ್ದು ಅದು ಮುರಿದ ಮೇಲೆ. ಈ ಸಲ ಹಾಕಿಕೊಂಡು ನೋಡಿಯೇ ಕೊಳ್ಳಬೇಕು ಎಂದು ಅವಳು ಹಟ ಹಿಡಿದಿದ್ದಳು.

ಹುಕ್ಕೇರಿಯ ಮೊದಲನೆಯ ಅಂಗಡಿಯವನು ತನ್ನ ಫೋನಿನಿಂದ ಕಣ್ಣೆತ್ತಲಿಲ್ಲ. ಡಬ್ಬಿ ಒಡೆದರೆ ಕೊಳ್ಳಲೇಬೇಕು, ಅಷ್ಟೇ ಎಂದ. ಎರಡನೆಯ ಅಂಗಡಿಯಲ್ಲಿ ಕಿವಿಯೊಳಗೆ ಸಿಕ್ಕಿಸುವಂಥವು ಮಾತ್ರ ಇದ್ದವು. ಮೂರನೆಯವನು ಕೈಗೆ ಕೊಟ್ಟ, ಆದರೆ ಪ್ಲಾಸ್ಟಿಕ್ ಚೀಲದೊಳಗಿಟ್ಟೇ ಕೊಟ್ಟ. ಹೊರಗೆ ಬಿಸಿಲು ಏರುತ್ತಿತ್ತು. ಗೋಕಾಕದಲ್ಲಿ ಹಾರ್ಮೋನಿಯಂ, ತಬಲಾ ಮಾರುವ ದೊಡ್ಡ ಅಂಗಡಿಯಿದೆ, ಅಲ್ಲಿ ಎಲ್ಲ ಸಿಗುತ್ತದೆ ಎಂದು ಯಾರೋ ಹೇಳಿದರು. ತಾಯಿ ಮಗಳು ಹಾಗೆಯೇ ಗೋಕಾಕದ ಬಸ್ಸು ಹತ್ತಿದರು. ಕೂತಲ್ಲಿ ದಾಕ್ಷಾಯಿಣಿಗೆ ಮನೆಯ ಗಂಟುಗಳದೇ ನೆನಪು.

ಗೋಕಾಕದ ಅಂಗಡಿ ನಿಜಕ್ಕೂ ದೊಡ್ಡದಿತ್ತು. ಕೆಳಗೆ ಸಾಲಾಗಿ ಹಾರ್ಮೋನಿಯಂಗಳು, ಗೋಡೆಯ ತುಂಬ ಸ್ಪೀಕರುಗಳು, ಒಂದು ಮೂಲೆಯಲ್ಲಿ ಮೊಳೆಗೆ ತೂಗುಹಾಕಿದ ಹೆಡ್‌ಫೋನುಗಳು. ಮಾಲೀಕ ಶ್ರೀಶೈಲ ಹಣದ ಗಲ್ಲೆಯ ಹಿಂದೆ ಕೂತಿದ್ದ. ಕೆಲಸದ ಹುಡುಗ ಲಖನ ಎದ್ದು ಬಂದು ಏನು ಬೇಕೆಂದು ದಾಕ್ಷಾಯಿಣಿಯನ್ನು ಕೇಳಿದ. ಅವಳು ಹೇಳಿದಳು. ಅವನು ಮಗಳ ಬಿಳಿ ಕೋಲನ್ನು ನೋಡಿದ, ಮತ್ತೆ ತಾಯಿಯ ಕಡೆಗೇ ತಿರುಗಿ, ಅವರಿಗೆ ಯಾವ ಬಣ್ಣ ಇಷ್ಟ ಎಂದ.

ಬಣ್ಣ ಯಾವುದಾದರೂ ಇರಲಿ, ಆವಾಜು ಹೆಚ್ಚು ಕಡಿಮೆ ಮಾಡುವ ಗುಂಡಿ ಬೆರಳಿಗೆ ಸಿಗುವಂತೆ ಉಬ್ಬಿರಬೇಕು ಎಂದು ಸುಜಾತಾ ಹೇಳಿದಳು. ಲಖನ ಆ ಮಾತಿಗೆ ಉತ್ತರವನ್ನೂ ತಾಯಿಗೇ ಕೊಟ್ಟ. ಆಮೇಲೆ ಏನು ತೋಚಿತೋ, ಒಮ್ಮೆ ಸುಜಾತಾಳ ಕಡೆಗೆ ಬಾಗಿ, ಇದರಲ್ಲಿ ಏನು ಕೇಳುತ್ತೀರಿ ಎಂದು ಕೇಳಿದ.

"ಭಜನಿ, ವಚನಾ ಕೇಳ್ತಾಳ್ರಿ," ಎಂದಳು ದಾಕ್ಷಾಯಿಣಿ.

ಸುಜಾತಾ ತೆರೆದ ಬಾಯಿ ಮುಚ್ಚಿಕೊಂಡಳು.

ಹಾಕಿಕೊಂಡು ನೋಡುವ ಮಾತು ಬಂದಾಗ ಶ್ರೀಶೈಲ ಕೂತಲ್ಲಿಂದಲೇ ಆಗುವುದಿಲ್ಲವೆಂದ. ಅವನಿಗೂ ಅವನ ಸಂಕಟವಿತ್ತು. ಹೋದ ತಿಂಗಳು ಒಬ್ಬ ಬಂದು ಐದು ಡಬ್ಬಿ ಬಿಚ್ಚಿಸಿ, ಒಂದೊಂದನ್ನೂ ಕಿವಿಗೆ ಹಾಕಿ ನೋಡಿ, ಅಲ್ಲೇ ನಿಂತು ಫೋನಿನಲ್ಲಿ ಕಡಿಮೆ ಬೆಲೆಗೆ ಬೇರೆ ಕಡೆಯಿಂದ ತರಿಸಿಕೊಂಡಿದ್ದನಂತೆ. ಬಿಚ್ಚಿದ ಡಬ್ಬಿಯನ್ನು ಮತ್ತೊಬ್ಬ ಗಿರಾಕಿ ಮುಟ್ಟುವುದಿಲ್ಲ. "ನಾವೂ ಅಂಗಡಿ ನಡಸಬೇಕಲ್ರಿ, ಅಕ್ಕಾರ," ಎಂದ.

"ನಾ ಜಂಪರ್ ಹೊಲೀತೇನ್ರಿ. ತೊಟ್ಟು ನೋಡದ ಯಾರಿಗೂ ಕೊಟ್ಟು ಕಳಸಂಗಿಲ್ಲ," ಎಂದಳು ದಾಕ್ಷಾಯಿಣಿ. ಮಾತಿಗೆ ಮಾತು ಬೆಳೆಯಿತು. ಬೆಳಗಿನಿಂದ ನಾಲ್ಕನೆಯ ಅಂಗಡಿ. ಅವಳ ದನಿ ಏರಿ, ಕೊನೆಗೆ ಒಡೆಯಿತು. "ಪಾಪ, ಹುಟ್ಟುಗುರುಡಿ ಐತ್ರಿ ಕೂಸು. ಸ್ವಲ್ಪರ ಕರುಣಾ ಇರ್ಲಿ."

ಆ ಮಾತಿಗೆ ಶ್ರೀಶೈಲ ಮೆತ್ತಗಾದ. ಎದ್ದು ಬಂದು ಒಂದು ಹೆಡ್‌ಫೋನ್ ತೆಗೆದು, ಹೇಳದೆ ಕೇಳದೆ ಸುಜಾತಾಳ ತಲೆಗೆ ತಾನೇ ತೊಡಿಸಿ, ಹಾಡು ಹಚ್ಚಿದ. ಡೋಲಿನ ಹೊಡೆತ ಎದುರು ನಿಂತ ದಾಕ್ಷಾಯಿಣಿಗೂ ಕೇಳಿಸುವಷ್ಟು ಜೋರಾಗಿತ್ತು. ಸುಜಾತಾ ಬೆಚ್ಚಿಬಿದ್ದು ಅದನ್ನು ಕಿತ್ತು ತೆಗೆದಳು.

"ಅಷ್ಟು ಮಾಡಿ ತೋರಿಸಾಕತ್ತಾರ, ಹಂಗ್ಯಾಕ ಮಾಡ್ತಿ?" ಎಂದು ತಾಯಿ ಗದರಿದಳು. ಶ್ರೀಶೈಲ ಬೇಸರ ಮಾಡಿಕೊಳ್ಳಲಿಲ್ಲ. ಕಪಾಟಿನಿಂದ ಹಳೆಯದೊಂದನ್ನು ತೆಗೆದು ಒರೆಸಿ, ಇದನ್ನು ಹಾಗೆಯೇ ಒಯ್ಯಿರಿ, ರೊಕ್ಕ ಬೇಡ, ನಮಗೂ ಪುಣ್ಯ ಬರಲಿ ಎಂದ. ದಾಕ್ಷಾಯಿಣಿ ಎರಡೂ ಕೈ ಚಾಚಿದಳು. ಅಷ್ಟರಲ್ಲಿ ಪಕ್ಕದಲ್ಲಿ ಕೋಲಿನ ಸಪ್ಪಳವಾಯಿತು. ಸುಜಾತಾ ಬಾಗಿಲು ಹುಡುಕಿಕೊಂಡು ಹೊರಗೆ ಹೋಗಿಬಿಟ್ಟಿದ್ದಳು.

ಅಂಗಡಿಯ ಬಾಜೂಕ್ಕೆ ಕಬ್ಬಿನ ಹಾಲಿನ ಗಾಡಿಯಿತ್ತು. ಅದರ ನೆರಳಿನಲ್ಲಿ ಮಗಳನ್ನು ಹಿಡಿದು ನಿಲ್ಲಿಸಿ ದಾಕ್ಷಾಯಿಣಿ ಬಾಯಿಗೆ ಬಂದಂತೆ ಅಂದಳು. ಒಂದು ದಿನದ ಕೆಲಸ ಕೆಟ್ಟಿತು, ಊರೂರು ಅಲೆದದ್ದಾಯಿತು, ಕೊಡುವವರು ಕೈಯೆತ್ತಿ ಕೊಟ್ಟರೆ ನಿನಗೆ ಸೊಕ್ಕು ಎಂದಳು. ಸುಜಾತಾ ಎಲ್ಲವನ್ನೂ ಕೇಳಿಸಿಕೊಂಡಳು. ತಾಯಿ ಉಸಿರು ತೆಗೆದುಕೊಳ್ಳಲು ನಿಂತಾಗ ಮೆಲ್ಲಗೆ ಮಾತಾಡಿದಳು.

"ಅವ್ವಾ, ನಾ ಭಜನಿ ಕೇಳದ ಎರಡ ವರ್ಷ ಆತು."

ದಾಕ್ಷಾಯಿಣಿಗೆ ತಿಳಿಯಲಿಲ್ಲ. ಪಾಠ ಹಗಲಿಗೇ ಮುಗಿಯುತ್ತದಲ್ಲ, ಮತ್ತೆ ರಾತ್ರಿಯೆಲ್ಲ ಕೇಳುವುದೇನು ಎಂದಳು.

"ಪಾಠ. ಸಪ್ನಾ ಓದಿದ್ದು, ಫೋನ್ ತಾನ ಓದಿ ಹೇಳೂದು. ಅದನ್ನ ಭಾಳ ಜೋರ್ ಓಡಸಿ ಕೇಳ್ತೇನಿ, ಒಂದ ತಾಸಿನಾಗ ಮೂರ ತಾಸಿಂದು ಮುಗೀತೈತಿ. ಅಕ್ಷರ ಬಿಡಿಬಿಡಿಯಾಗಿ ಕೇಳಬೇಕು. ಧಡಧಡ ಬಡಿಯೂದು ನನಗ ಬ್ಯಾಡ. ರಸ್ತಾದಾಗ ಹೊಂಟಾಗ ಹಿಂದ ಬರೂ ಗಾಡಿ ಸಪ್ಪಳಾನೂ ಕೇಳಬೇಕು." ಕೋಲನ್ನು ಕೈ ಬದಲಿಸಿ ಮತ್ತೆ ಹೇಳಿದಳು. "ಆ ಹುಡುಗ ಒಮ್ಮೆ ನನ್ನ ಕೇಳಿದ್ದ. ನಾ ಬಾಯಿ ತೆಗಿಯೂದರಾಗ ನೀ ಹೇಳಿಬಿಟ್ಟಿ. ಅವ್ರ ಮ್ಯಾಲ ನನಗ ಅಷ್ಟ ಸಿಟ್ಟಿಲ್ಲ."

ದಾಕ್ಷಾಯಿಣಿಗೆ ತನ್ನ ಹೊಲಿಗೆಯ ಮೂಲೆ ನೆನಪಾಯಿತು. ಅವಳ ಮನೆಗೆ ದಿನವೂ ಹುಡುಗಿಯರು ತಾಯಂದಿರ ಜೊತೆ ಅಳತೆ ಕೊಡಲು ಬರುತ್ತಿದ್ದರು. ತೋಳು ಉದ್ದವಿರಲಿ, ಕೊರಳು ಚಿಕ್ಕದಿರಲಿ ಎಂದು ತಾಯಂದಿರೇ ಹೇಳತೊಡಗಿದರೆ ಅವಳು ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ನಿಂತುಬಿಡುತ್ತಿದ್ದಳು. ತೊಡುವವಳು ಹೇಳಲಿ, ಆಮೇಲೆ ಬರೆದುಕೊಳ್ಳುತ್ತೇನೆ ಎನ್ನುತ್ತಿದ್ದಳು. ಊರಿನ ಅಷ್ಟೂ ಹುಡುಗಿಯರನ್ನು ಕೇಳಿದವಳು ತನ್ನ ಮನೆಯ ಒಬ್ಬಳನ್ನು ಕೇಳಿರಲಿಲ್ಲ. ಆಸ್ಪತ್ರೆಯಲ್ಲಿ, ಸಾಲೆಯಲ್ಲಿ, ನೆಂಟರ ಮನೆಯಲ್ಲಿ, ಯಾರು ಏನು ಕೇಳಿದರೂ ಹತ್ತೊಂಬತ್ತು ವರ್ಷ ಉತ್ತರ ಕೊಟ್ಟವಳು ತಾನೇ. ಅದನ್ನು ಅವಳು ಅಕ್ಕರೆಯೆಂದೇ ತಿಳಿದಿದ್ದಳು.

"ನಾ ಒಬ್ಬಾಕಿನ ಒಳಗ ಹೋಗಿ ಬರ್ತೇನಿ. ನೀ ಇಲ್ಲೇ ಇರು," ಎಂದಳು ಸುಜಾತಾ. "ಪಾಪ ಅಂತ ಯಾರನ್ನೂ ಬೇಡಬ್ಯಾಡ. ನಾ ಗಿರಾಕಿ ಅದೇನಿ."

ದಾಕ್ಷಾಯಿಣಿ ಪರ್ಸನ್ನು ಮಗಳ ಕೈಗೆ ಕೊಟ್ಟಳು. ಮೆಟ್ಟಿಲು ಎರಡಿವೆ ಎಂದು ಹೇಳುವಷ್ಟರಲ್ಲಿ ಕೋಲು ಎರಡನ್ನೂ ಮುಟ್ಟಿ ದಾಟಿಯಾಗಿತ್ತು.

ಗಾಜಿನ ಬಾಗಿಲಿನಾಚೆ ಎಲ್ಲ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಶ್ರೀಶೈಲ ತಲೆ ಅಲ್ಲಾಡಿಸುತ್ತಿದ್ದ. ಸುಜಾತಾ ನಿಂತೇ ಇದ್ದಳು. ಲಖನ ನಡುವೆ ನಿಂತು ಆಗಾಗ ಹೊರಗೆ, ದಾಕ್ಷಾಯಿಣಿಯ ಮುಖದ ಕಡೆಗೆ ನೋಡುತ್ತಿದ್ದ. ಅವಳಿಗೆ ಒಳನುಗ್ಗಿ ಹೋಗಬೇಕೆನಿಸಿತು. ಮಗಳು ಏನು ಹೇಳುತ್ತಿದ್ದಾಳೋ, ಅವರು ಏನು ತಿಳಿಯುತ್ತಾರೋ. ತಾನು ಕಣ್ಣೆದುರು ಇರುವಷ್ಟು ಹೊತ್ತು ಲಖನ ತನ್ನನ್ನೇ ನೋಡುತ್ತಾನೆ ಎಂದು ಹೊಳೆದಾಗ ಅವಳು ಅಂಗಡಿಗೆ ಬೆನ್ನು ಮಾಡಿ, ರಸ್ತೆಯ ಕಡೆಗೆ ಮುಖ ಹಾಕಿ ನಿಂತಳು.

ಹಾಗೆ ನಿಲ್ಲುವುದು ಸುಲಭವಿರಲಿಲ್ಲ. ಎದುರಿಗೆ ಕರದಂಟಿನ ಅಂಗಡಿಯ ಮುಂದೆ ಜನ ಬಂದರು, ಹೋದರು. ಕಬ್ಬಿನ ಹಾಲಿನವನು ಒಂದು ಗ್ಲಾಸು ಹಿಡಿದುಕೊಂಡು ಬಂದ, ಬೇಡವೆಂದಳು. ಸ್ವಲ್ಪ ಹೊತ್ತಿಗೆ ಹಿಂದೆ ಬಾಗಿಲು ತೆರೆದು ಲಖನ ಹೊರಗೆ ಬಂದ.

"ಅಕ್ಕಾರ, ಸ್ವಲ್ಪ ಒಳಗ ಬರ್ರಿ. ಅವ್ರು ಒಂದಲ್ಲಾ ಎರಡಲ್ಲಾ ಕೇಳಾಕತ್ತಾರು. ಯಾವ್ದು ಕೊಡ್ಲಿ ಹೇಳ್ರಿ."

"ನನಗೇನ್ ಗೊತ್ತೈತ್ರಿ?" ಎಂದಳು ದಾಕ್ಷಾಯಿಣಿ, ತಿರುಗದೆಯೇ. "ಅಕಿನ್ನ ಕೇಳ್ರಿ."

ಅವನು ಒಳಗೆ ಹೋದ.

ಸುಜಾತಾ ಹೊರಬಂದಾಗ ಮುಕ್ಕಾಲು ಗಂಟೆ ಕಳೆದಿತ್ತು. ಕೈಯಲ್ಲಿ ಚೀಲವಿತ್ತು. ನಡೆದದ್ದನ್ನು ಬಸ್ ನಿಲ್ದಾಣದ ದಾರಿಯಲ್ಲಿ ಅವಳೇ ಹೇಳಿದಳು. ಕಣ್ಣಿದ್ದವರು ಡಬ್ಬಿಯ ಮೇಲಿನ ಚಿತ್ರ ನೋಡಿ ಕೊಳ್ಳುತ್ತಾರೆ, ನನಗೆ ಮುಟ್ಟಿದರೇ ತಿಳಿಯುವುದು ಎಂದಳಂತೆ. ಕಿವಿಗೆ ಒಗ್ಗಿದರೆ ಪೂರಾ ಬೆಲೆ ಕೊಟ್ಟು ಇಲ್ಲೇ ಕೊಳ್ಳುತ್ತೇನೆ, ಒಗ್ಗದಿದ್ದರೆ ಏನು ಕೊರತೆಯೆಂದು ಹೇಳಿ ಹೋಗುತ್ತೇನೆ ಎಂದಳಂತೆ. ಶ್ರೀಶೈಲ ಬಹಳ ಹೊತ್ತು ಬಗ್ಗಲಿಲ್ಲ. ಕೊನೆಗೆ, ಮೊಳೆಗೆ ತೂಗುಹಾಕಿದ್ದ ನಾಲ್ಕನ್ನು ಇಳಿಸಿ, ಒರೆಸಿ ಕೊಡಲು ಲಖನನಿಗೆ ಹೇಳಿದ. ಮೂರು ಒಗ್ಗಲಿಲ್ಲ. ನಾಲ್ಕನೆಯದು ತೀರ ಸಾದಾ, ವೈರಿನದು, ಅಂಗಡಿಯವರೇ ಇದು ಮಾರಿ ಹೋಗುವುದಿಲ್ಲವೆಂದು ಮರೆತಿದ್ದಂಥದು. ಅದರಲ್ಲಿ ಪಾಠ ಓದುವ ಸಪ್ನಾಳ ಉಸಿರು ಕೂಡ ಕೇಳಿತಂತೆ.

ಪೂರಾ ಬದಲಾದವರು ಅಲ್ಲಿ ಯಾರೂ ಇರಲಿಲ್ಲ. ಇವರು ಹೊರಡುವಾಗ ಶ್ರೀಶೈಲ ಬಾಗಿಲಿಗೆ ಬಂದು, ಕರೆದುಕೊಂಡು ಜೋಪಾನವಾಗಿ ಹೋಗಿರಿ ಎಂದು ದಾಕ್ಷಾಯಿಣಿಗೇ ಹೇಳಿದ್ದ.

ಹುಕ್ಕೇರಿಗೆ ಹೋಗಿ ಅಲ್ಲಿಂದ ಊರಿನ ಬಸ್ಸು ಹಿಡಿಯಬೇಕಿತ್ತು. ಬಸ್ಸು ತುಂಬಿತ್ತು. ಹೇಗೋ ಹಿಂದಿನ ಸೀಟು ಸಿಕ್ಕಿತು. ಹೆಡ್‌ಫೋನಿನ ಬಣ್ಣ ಯಾವುದೆಂದು ಚೀಲ ತೆರೆದು ನೋಡಲು ದಾಕ್ಷಾಯಿಣಿಯ ಕೈ ಹೋಯಿತು, ಹಿಂದೆ ತೆಗೆದುಕೊಂಡಳು. ಅಷ್ಟರಲ್ಲಿ ಕಂಡಕ್ಟರ್ ಬಂದು ಕಂಬಿಗೆ ಆತು ನಿಂತ. ಇಬ್ಬರನ್ನೂ ನೋಡಿ ತಾಯಿಯ ಕಡೆಗೆ ತಿರುಗಿದ.

"ಎಲ್ಲಿಗ್ರಿ, ಅಕ್ಕಾರ? ಇವ್ರೂ ನಿಮ್ಮ ಜೋಡಿನ ಏನ್ರಿ?"

ಊರ ಹೆಸರು ದಾಕ್ಷಾಯಿಣಿಯ ನಾಲಿಗೆಯ ತುದಿಗೆ ಬಂದಿತ್ತು. ಅವಳು ಬಾಗಿ, ಸರಿಯಾಗಿಯೇ ಇದ್ದ ಸೆರಗನ್ನು ಸರಿಪಡಿಸಿಕೊಳ್ಳತೊಡಗಿದಳು. ಕಂಡಕ್ಟರ್ ಕಾದ. ಬಸ್ಸು ಒಂದು ಗುಂಡಿ ಹಾರಿ ಇಳಿಯಿತು.

"ಹುಕ್ಕೇರಿ, ಎರಡ್ರಿ," ಎಂದಳು ಸುಜಾತಾ. "ಅವ್ರು ನಮ್ಮ ಅವ್ವ."

ಕಂಡಕ್ಟರ್ ಚೀಟಿ ಹರಿದ. ಯಾರಿಗೆ ಕೊಡಬೇಕೆಂದು ತುಸು ತಡೆದು, ಆಮೇಲೆ ಮುಂದೆ ಚಾಚಿದ್ದ ಸುಜಾತಾಳ ಅಂಗೈಯಲ್ಲಿ ಇಟ್ಟ.