ಹೊಸಿಲು ದಾಟಿದ ಪ್ರಸನ್ನಲಕ್ಷ್ಮಿ

ರಾಯದುರ್ಗದಿಂದ ಮಡಕಶಿರಕ್ಕೆ ಬರುವಷ್ಟರಲ್ಲಿ ಮೂರು ಬಸ್ಸು ಬದಲಿಸಿದ್ದರೂ ತಿಪ್ಪಕ್ಕನ ಉಮೇದು ಇಳಿದಿರಲಿಲ್ಲ. ತಂಗಿ ನಾಗಮಣಿ ಈ ಸಲದ ಮದ್ದು ಮುಗಿಸಿಕೊಂಡು ಇವತ್ತು ಬೆಂಗಳೂರಿನ ಆಸ್ಪತ್ರೆಯಿಂದ ಮನೆಗೆ ಬರುತ್ತಾಳೆ. ಮದ್ದು ಹಿಡಿದಿದೆ, ಎದೆಯ ಗಂಟು ಅರ್ಧ ಕರಗಿದೆ ಎಂದು ಡಾಕ್ಟರೇ ಹೇಳಿದ್ದಾರಂತೆ. ಜೀನ್ಸ್ ಹೊಲಿಯುವ ಮಿಷಿನ್ನಿಗೆ ಬಟ್ಟೆ ಹೊದಿಸಿ ಎದ್ದೆನೋ ಬಿದ್ದೆನೋ ಎಂದು ಬಂದಿದ್ದಳು. ಬಂದ ಕೆಲಸ ಮಾತ್ರ ಬೇರೆ. ತಂಗಿಯ ಎಂಟು ವರ್ಷದ ಮಗಳು ಪ್ರಸನ್ನಲಕ್ಷ್ಮಿಯನ್ನು ರಾಯದುರ್ಗಕ್ಕೆ ಕರೆದೊಯ್ಯಬೇಕು. ಮಗು ಅಮ್ಮನನ್ನು ಕಂಡರೆ ಹೆದರುತ್ತದೆ, ಏನೂ ತಿಳಿಯದ ಹಾಗೆ ಸಾಗಿಸಿಬಿಡೋಣ ಎಂದು ನಾಗಮಣಿಯ ಗಂಡ ಬಾಲರಾಜು ಫೋನಿನಲ್ಲಿ ಹೇಳಿದ್ದ.

ಮಗು ಆಗಲೇ ಬಟ್ಟೆ ಜೋಡಿಸಿಕೊಂಡು ಕೂತಿತ್ತು. ಅಳು ಇಲ್ಲ, ಹಟ ಇಲ್ಲ. ಅದೇ ತಿಪ್ಪಕ್ಕನಿಗೆ ಸರಿಬರಲಿಲ್ಲ. ಅಮ್ಮ ಬರುವ ದಿನವೇ ಹೊರಟು ಕೂತಿದ್ದೇಕೆ ಎಂದು ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಕೇಳಿದಳು.

“ನಾನಿದ್ರೆ ಅಮ್ಮುಂಗೆ ಜಾಸ್ತಿ ಆಗುತ್ತೆ ದೊಡ್ಡಮ್ಮ. ಯುಗಾದಿಲಿ ಕಾಲು ತೊಳೀದಂಗೆ ಹುಳದ ಮನೆಗೆ ಹೋಗ್ಬಿಟ್ಟೆ. ಹುಳ ಎಲ್ಲಾ ಸತ್ತೋದ್ವು. ಆಮೇಲೆ ಅಮ್ಮನೂ ಮಲಿಕ್ಕಂಡ್ಲು.”

ರೇಷ್ಮೆ ಸಾಕುವ ಮನೆಯ ಮಗು. ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದದೆ ಹುಳದ ಮನೆ ಹೊಕ್ಕರೆ ರೋಗ ತಗಲುತ್ತದೆ ಎಂಬುದನ್ನು ಅದು ಅಕ್ಷರಕ್ಕಿಂತ ಮೊದಲೇ ಕಲಿತಿತ್ತು. ದೊಡ್ಡವರು ಬಾಯಿ ಬಿಡದಿದ್ದಾಗ ತನಗೆ ಗೊತ್ತಿದ್ದುದನ್ನೇ ಅಮ್ಮನಿಗೂ ಹಚ್ಚಿತ್ತು. ತಿಪ್ಪಕ್ಕನಿಗೆ ಬಾಲರಾಜುವಿನ ಮೇಲೆ ಕೆಟ್ಟ ಸಿಟ್ಟು ಬಂತು. ತನ್ನ ಮೇಲೆ ಇನ್ನೂ ಹೆಚ್ಚು ಬಂತು. ಮುಚ್ಚಿಡಲು ಒಪ್ಪಿ ಬಂದವಳು ಅವಳೇ ತಾನೆ.

“ನಿಮ್ಮವ್ವಗ ಬಂದಿರೂದು ಕ್ಯಾನ್ಸರ್ ಅನ್ನೂ ರೋಗವ್ವ. ಅದು ಯಾರ ಕಾಲಿಂದನೂ ಬರೂದಿಲ್ಲ, ಯಾರಿಗೂ ಅಂಟೂದಿಲ್ಲ. ನಿನ್ನಿಂದ ಬಂದಿದ್ದಲ್ಲ.”

ಹಾಗಾದರೆ ಅಮ್ಮನನ್ನು ಮುಟ್ಟಬಹುದೇ ಎಂದು ಕೇಳಿತು ಮಗು. ಮದ್ದಿನಿಂದ ಅವಳ ಮೈ ಸೋತಿದೆ, ಹೊರಗಿನ ನೆಗಡಿ ಜ್ವರ ಅವಳಿಗೆ ಬೇಗ ತಗಲುತ್ತದೆ, ಸೋಪು ಹಚ್ಚಿ ಕೈ ತೊಳೆದುಕೊಂಡು ಎಷ್ಟು ಬೇಕಾದರೂ ಅಪ್ಪಿಕೋ ಎಂದಳು ತಿಪ್ಪಕ್ಕ.

ಹೇಳಿದ್ದೇ ತಡ, ಮಗುವಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನೆಲ ಒರೆಸಿತು, ಬಾಗಿಲಲ್ಲಿ ನೀರು, ಸೋಪು ಇಟ್ಟಿತು. ಸುದ್ದಿ ಕೇಳಿ ಬಂದ ಪಕ್ಕದ ಮನೆಯ ಪೆದ್ದಪ್ಪನನ್ನು ಎರಡು ಸಲ ಕೈ ತೊಳೆಸಿ, ಆಮೇಲೂ ಜಗಲಿಯಲ್ಲೇ ಕೂರಿಸಿತು. ಆಟೋದಿಂದ ಇಳಿದ ಬಾಲರಾಜುವಿಗೂ ವಿನಾಯಿತಿ ಸಿಗಲಿಲ್ಲ.

ನಾಗಮಣಿ ತಲೆಗೆ ವಸ್ತ್ರ ಸುತ್ತಿಕೊಂಡು ಒಳಗೆ ಬಂದು ಮಂಚದ ಮೇಲೆ ಕೂತಳು. ಮಗು ಹೊಸಿಲು ದಾಟಿ ಓಡಿ ಬಂದು ಅವಳ ಸೊಂಟ ತಬ್ಬಿತು.

“ಕೈ ತೊಳ್ಕಂಡಿದೀನಮ್ಮ. ನಿಂಗೆ ನನ್ನಿಂದ ಬಂದಿದ್ದಲ್ವಂತೆ.”

ಬೋಳು ತಲೆಗೆ ಹೆದರಿ ಮಗಳು ಎರಡು ತಿಂಗಳಿಂದ, ತಾನು ಆಸ್ಪತ್ರೆಯಿಂದ ಮನೆಗೆ ಬಂದಾಗಲೆಲ್ಲ, ಬಾಗಿಲಲ್ಲೇ ನಿಲ್ಲುತ್ತಿದ್ದಾಳೆ ಎಂದುಕೊಂಡಿದ್ದ ನಾಗಮಣಿಗೆ ಅದು ಯಾಕೆಂದು ಈಗ ತಿಳಿಯಿತು.