ಇನ್ನಷ್ಟು ಕುರ್ಚಿ

"ಸಭೆಯ ಕರೆ ತಪ್ಪಾಗಿ ಬಂದಿದೆ, ನೀವು ಬರೋದು ಬೇಡ ಅಂತ ಒಂದು ಮೆಸೇಜ್ ಹಾಕ್ಬಿಡಿ. ಅಷ್ಟಕ್ಕೆ ಯಾಕೆ ಒದ್ದಾಡ್ತೀರ?" ಎಂದರು ದೊಡ್ಡ ಡಾಕ್ಟರು, ಕನ್ನಡಕ ಒರೆಸಿಕೊಳ್ಳುತ್ತ.

ಮೀಟಿಂಗಕ್ಕ ತಾನು ಕಳಿಸಿದ ಕರೆಯನ್ನು ಫೋನಿನಲ್ಲಿ ಮತ್ತೊಮ್ಮೆ ಓದಿಕೊಂಡಳು. ಕ್ಯಾನ್ಸರ್ ಸಂಶೋಧನಾ ವಿಭಾಗದಲ್ಲಿ ಅವಳಿಗೆ ಆ ಹೆಸರು ಅಂಟಿಕೊಂಡು ವರ್ಷಗಳಾಗಿದ್ದವು. ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗಾಗದ ಡಾಕ್ಟರುಗಳನ್ನೂ ಲ್ಯಾಬಿನವರನ್ನೂ ಹೇಗೋ ಪುಸಲಾಯಿಸಿ ಒಂದೇ ಮೇಜಿನ ಸುತ್ತ ಕೂರಿಸುವುದೇ ಅವಳ ಉದ್ಯೋಗ. ಈ ಸಲ ಮಾತ್ರ ಕೈ ತಪ್ಪಿತ್ತು. ಸಂಜೆಯ ಸಭೆಗೆ ತಂಡದವರನ್ನಷ್ಟೇ ಆರಿಸುವ ಬದಲು ಕಂಪ್ಯೂಟರಿನಲ್ಲಿ 'ಎಲ್ಲರೂ' ಎಂದು ಒತ್ತಿಬಿಟ್ಟಿದ್ದಳು. ಹೊಸ ಔಷಧಿಯ ಪರೀಕ್ಷೆಗೆ ಮೈಯೊಡ್ಡಿದ್ದ ರೋಗಿಗಳಿಗೂ ಕರೆ ಹೋಗಿತ್ತು.

ಸಭೆಯ ವಿಷಯವೋ, ಅವರದೇ. ಸಂಜೆ ಹೊತ್ತು ರಕ್ತ ತೆಗೆಯುವುದನ್ನು ನಿಲ್ಲಿಸಿ ಇನ್ನು ಮೇಲೆ ಎಲ್ಲರನ್ನೂ ಬೆಳಿಗ್ಗೆಯೇ ಬರಹೇಳುವುದು. ಲ್ಯಾಬಿಗೆ ಅನುಕೂಲ. ದುಡಿದು ತಿನ್ನುವ ರೋಗಿಗಳಿಗೆ ಕೆಲಸ ಖೋತಾ. ಕೆಲವರು ಪರೀಕ್ಷೆಯನ್ನೇ ಬಿಟ್ಟುಬಿಡುತ್ತಾರೆ. ಇದು ದೊಡ್ಡ ಡಾಕ್ಟರಿಗೂ ಗೊತ್ತಿತ್ತು.

"ಅವರೆದುರಿಗೆ ನಾವು ಕಿತ್ತಾಡೋಕಾಗುತ್ತೇನಮ್ಮ? ಅಂದ ಹಾಗೆ, ನಿಮ್ಮನ್ನ ಇನ್ನೊಂದು ವರ್ಷ ಮುಂದುವರಿಸೋ ಕಾಗದ ನನ್ನ ಮೇಜಿನ ಮೇಲಿದೆ. ನಾಳೆ ಸಹಿ ಮಾಡ್ಬೇಕು."

ಅಂದ ಹಾಗೆಯಂತೆ! ಮೀಟಿಂಗಕ್ಕನಿಗೆ ಮೈಯೆಲ್ಲ ಉರಿಯಿತು. ಆದರೂ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ತನ್ನ ಜಾಗಕ್ಕೆ ಬಂದು, ಮೆಸೇಜಿಗಿಂತ ಬಾಯಲ್ಲಿ ಹೇಳುವುದೇ ಮರ್ಯಾದೆ ಎಂದುಕೊಂಡು ರೋಗಿಗಳ ಪಟ್ಟಿ ತೆಗೆದು ಮೊದಲು ಬಟ್ಟೆ ಹೊಲಿಯುವ ಟೈಲರಮ್ಮನಿಗೆ ಫೋನ್ ಹಚ್ಚಿದಳು.

ಅವಳು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಮಾತು ಸುರಿಯಿತು. "ನೋಡಿದೆ ಕಣಮ್ಮ, ಮಗಳು ಓದಿ ಹೇಳಿದ್ಲು! ಇಷ್ಟು ದಿನ ಸೂಜಿ ಚುಚ್ಚೋಕೆ ಮಾತ್ರ ಕರೀತಿದ್ರಿ. ಈಗ ನಮ್ಮ ಮಾತೂ ಬೇಕು ಅಂತ ಕರೆದಿದ್ದೀರಲ್ಲ! ಒಳ್ಳೆ ಸೀರೆನೇ ಉಟ್ಕೊಂಡು ಬರ್ಲಾ?"

ಮೀಟಿಂಗಕ್ಕ ಮುಂದಿದ್ದ ಪಟ್ಟಿಯನ್ನು ಮಗುಚಿಟ್ಟಳು.

"ಉಟ್ಕೊಂಡು ಬನ್ನಿ," ಎಂದಳು. "ಸ್ವಲ್ಪ ಮುಂಚೇನೇ ಬನ್ನಿ, ಮುಂದೆ ಜಾಗ ಸಿಗುತ್ತೆ."

ಫೋನ್ ಇಟ್ಟವಳೇ ನೆಟ್ಟಗೆ ದೊಡ್ಡ ಡಾಕ್ಟರ ಕೋಣೆಗೆ ಹೋದಳು. "ನಾನು ಅವರಿಗೆ ಬರ್ಬೇಡಿ ಅನ್ನಲ್ಲ ಸಾರ್. ತಪ್ಪಾಗಿದ್ದು ನಿಜ. ಆದ್ರೆ ಕರೆದ ಮೇಲೆ ಕರೆದ ಹಾಗೆ."

"ಕಾಗದದ ವಿಷಯ ಹೇಳಿದ್ನಲ್ಲ?"

"ಕಿವುಡಿ ಅಲ್ಲ ಸಾರ್, ಕೇಳಿಸ್ತು."

ಸಂಜೆ ಸಭೆಯ ಕೋಣೆಯಲ್ಲಿ ಕುರ್ಚಿಗಳು ಸಾಲಲಿಲ್ಲ. ಮೀಟಿಂಗಕ್ಕ ರಕ್ತ ತೆಗೆಯುವ ಕೋಣೆಯಿಂದ, ಕಾಯುವ ಹಜಾರದಿಂದ, ಕೊನೆಗೆ ತನ್ನದನ್ನೂ ಎಳೆತಂದು ಹಾಕಿದಳು. ಬಸ್ ಡ್ರೈವರೊಬ್ಬ ಸಮವಸ್ತ್ರದಲ್ಲೇ ಬಂದ. ತಲೆಗೆ ಬಟ್ಟೆ ಸುತ್ತಿದ ಟೀಚರು ಬಂದರು. ಟೈಲರಮ್ಮ ನೇರಳೆ ಸೀರೆಯ ನೆರಿಗೆ ಚಿಮ್ಮಿಸುತ್ತ ಬಂದು, ಎಲ್ಲಕ್ಕಿಂತ ಮೆತ್ತಗಿನ ಕುರ್ಚಿ ಆರಿಸಿಕೊಂಡು ಮೇಜಿನ ಮುಖ್ಯ ಜಾಗದಲ್ಲೇ ಕೂತರು. ಅದು ದೊಡ್ಡ ಡಾಕ್ಟರ ಕುರ್ಚಿಯೆಂದು ತಂಡದವರಿಗೆಲ್ಲ ಗೊತ್ತಿತ್ತು. ಎಲ್ಲರೂ ಮೀಟಿಂಗಕ್ಕನ ಮುಖ ನೋಡಿದರು. ಅವಳು ಟೈಲರಮ್ಮನ ಮುಂದೆ ನೀರಿನ ಲೋಟ ಇಟ್ಟಳು.

ದೊಡ್ಡ ಡಾಕ್ಟರು ಬಾಗಿಲಲ್ಲಿ ನಿಂತು ಒಮ್ಮೆ ಕೋಣೆಯ ಉದ್ದಕ್ಕೂ ಕಣ್ಣು ಹಾಯಿಸಿದರು. ಯಾರೂ ಏಳಲಿಲ್ಲ.

"ಬನ್ನಿ ಡಾಕ್ಟ್ರೆ," ಎಂದರು ಟೈಲರಮ್ಮ, ಪಕ್ಕದ ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಿಂದ ಒರೆಸುತ್ತ, "ಇಲ್ಲಿ ಕೂತ್ಕೊಳ್ಳಿ."